ದಸರಾಕ್ಕೆ ಬರೋ ನೆಂಟರು ಈಗ ರಾತ್ರಿ ಉಳ್ಕೊಳ್ತಾರಾ?

ಅಗ್ರಹಾರದವನು:
ನಮ್ಮದು ಮೈಸೂರಲ್ಲಿ ಹಳೇ ಮನೆ. ನಾನು ಚಿಕ್ಕವನಿದ್ದಾಗ ದಸರಾ ಅಂದ್ರೆ ಬೆಂಗಳೂರು, ತುಮಕೂರಿನ ಅತ್ತೆ-ಮಾವಂದಿರೆಲ್ಲ ನಮ್ಮನೇಲೇ. ಎರಡು ರೂಮು, ಒಂದು ಬಚ್ಚಲು, ಹದಿನಾಲ್ಕು ಜನ. ಹಂಡೆ ನೀರಿಗೆ ಪಾಳಿ. ಸರಸ್ವತಿ ಪೂಜೆ ಹೊತ್ತಿಗೆ ಬಂದೋರು ಬೃಂದಾವನ, ನಂಜನಗೂಡು, ಎಕ್ಸಿಬಿಷನ್ನು ಎಲ್ಲ ಮುಗಿಸಿಯೇ ಹೊರಡೋದು. ಜಂಬೂಸವಾರಿ ದಿನ ಬೆಳಗ್ಗೇನೇ ಪುಳಿಯೋಗರೆ ಡಬ್ಬಿ ಹಿಡ್ಕೊಂಡು ಸಯ್ಯಾಜಿರಾವ್ ರಸ್ತೇಲಿ ಜಾಗ ಹಿಡೀತಿದ್ವಿ.

ಹೋದ ವರ್ಷ ಅತ್ತೆ ಮಗ ಕಾರಲ್ಲಿ ಬಂದ, ಅರಮನೆ ಲೈಟಿನ ಮುಂದೆ ಫೋಟೋ ತಗೊಂಡ, ಮನೇಲಿ ಕಾಫಿ ಕುಡಿದ, ರಾತ್ರಿ ಹತ್ತಕ್ಕೆ ಹೊರಟೇಬಿಟ್ಟ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ್ಮೇಲೆ 118 ಕಿಲೋಮೀಟರ್ ಅವನಿಗೆ ದೂರಾನೇ ಅಲ್ಲ.

ಅಮ್ಮ ಮಾತ್ರ ಮಹಾಲಯ ಅಮಾವಾಸ್ಯೆ ಕಳೀತಿದ್ದ ಹಾಗೆ ಅಟ್ಟದಿಂದ ಒಂಬತ್ತು ಜಮಖಾನ ಇಳಿಸಿ ಬಿಸಿಲಿಗೆ ಹಾಕ್ತಾರೆ. ನುಸಿಗುಳಿಗೆ ವಾಸನೆ ಹೋಗೋಕೇ ಎರಡು ದಿನ ಬೇಕು. ಬೆನ್ನುನೋವು ಬೇರೆ. ಯಾರಿಗಾದ್ರೂ ಕೊಟ್ಬಿಡೋಣ ಅಂದ್ರೆ ಮುಖ ಚಿಕ್ಕದು ಮಾಡ್ಕೊಳ್ತಾರೆ. ನಿಮ್ಮನೆಗಳಲ್ಲಿ ಹೇಗೆ?

ಮದ್ದೂರು ಸೊಸೆ:
ಉಳ್ಕೊಳ್ಳೋದಿರಲಿ, ನಮ್ಮೂರಲ್ಲಿ ಇಳಿಯೋರೇ ಕಮ್ಮಿ ಕಣ್ರೀ. ಮದ್ದೂರಲ್ಲಿ ಫ್ಲೈಓವರ್, ಮಂಡ್ಯದಲ್ಲಿ ಬೈಪಾಸ್. ಮೊದಲು ಚಿಕ್ಕಮ್ಮ ವಡೆ ನೆಪದಲ್ಲಾದ್ರೂ ಬಂದು ಹೋಗೋರು.

ಆದ್ರೆ ನಮ್ಮತ್ತೆ ಕಥೆ ಉಲ್ಟಾ. ಮೊದಲು ಧರ್ಮಸ್ಥಳಕ್ಕೆ ಹೋಗ್ಬೇಕು ಅಂದ್ರೆ ಮಾವನ ಮರ್ಜಿ ಕಾಯ್ಬೇಕಿತ್ತು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದಿದ್ದೇ ಬಂದಿದ್ದು, ಸಂಘದ ಹೆಂಗಸರ ಜೊತೆ ಆಧಾರ್ ಕಾರ್ಡು, ಒಂದು ಬ್ಯಾಗು, ಹೊರಟೇಬಿಡ್ತಾರೆ. ರಾಜಹಂಸಕ್ಕೆ ಫ್ರೀ ಇಲ್ಲ ಅಂತ ಎಷ್ಟೊತ್ತಾದ್ರೂ ಕೆಂಪು ಬಸ್ಸಿಗೇ ಕಾಯೋದು. ಮಾವ ಮನೇಲಿ ಅನ್ನ ಸಾರು ಮಾಡೋದು ಕಲಿತಿದ್ದಾರೆ.

ಬೆಂಗಳೂರು ನೆಂಟ:
ಆ ಕಾಫಿ ಕುಡಿದು ಹೊರಡೋ ಜಾತಿ ನಾನೇ ಸ್ವಾಮಿ. ಮಕ್ಕಳಿಗೆ ರಜದಲ್ಲೂ ಕ್ಲಾಸು. ಹೆಂಡತಿಗೆ ಒಂದೇ ಬಚ್ಚಲಿಗೆ ಪಾಳಿ ನಿಲ್ಲೋಕೆ ಮುಜುಗರ, ಬಾಯಿಬಿಟ್ಟು ಹೇಳೋದು ಹೇಗೆ? ಹಬ್ಬದ ಗಲಾಟೆ ಮುಗಿದ ಮೇಲೆ ಕರೀರಿ, ಎಕ್ಸಿಬಿಷನ್ ಆಮೇಲೂ ಇರುತ್ತಲ್ಲ. ಆಗ ಉಳ್ಕೊಂಡ್ರೂ ಉಳ್ಕೊಂಡೇವು.

ಅಗ್ರಹಾರದವನು:
ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಇನ್ನೊಂದು ಬಚ್ಚಲು ಕಟ್ಸು, ಜಮಖಾನ ಮುಟ್ಟಬೇಡ" ಅಂದ್ರು.