ಗೇಮ್ ಮಧ್ಯೆ ಪಿಸಿ ಟಪ್ ಅಂತ ಆಫ್ ಆಗ್ತಿದೆ, ಹೋಗಿರೋದು ಕಾರ್ಡೋ ಎಸ್‌ಎಂಪಿಎಸ್ಸೋ?

ಪ್ರಶ್ನೆ (ದಾವಣಗೆರೆಯಿಂದ)

ನಮಸ್ಕಾರ ಸರ್. ಗೇಮ್ ಆಡ್ತಾ ಇದ್ದ ಹಾಗೇ ನನ್ನ ಪಿಸಿ ಟಪ್ ಅಂತ ಆಫ್ ಆಗುತ್ತೆ. ಬ್ಲೂ ಸ್ಕ್ರೀನ್ ಇಲ್ಲ, ಹ್ಯಾಂಗ್ ಇಲ್ಲ, ಫ್ಯಾನ್ ಸಮೇತ ಎಲ್ಲಾ ನಿಂತುಹೋಗುತ್ತೆ. ಆಮೇಲೆ ಪವರ್ ಬಟನ್ ಒತ್ತಿದ್ರೂ ಏಳಲ್ಲ. ಹಿಂದುಗಡೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬ) ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೇನೇ ಬರೋದು. ದಿನಕ್ಕೆ ಒಂದೆರಡು ಸಲ ಹೀಗಾಗ್ತಿದೆ. ವಿಚಿತ್ರ ಏನಂದ್ರೆ ಕಾರ್ಡಿಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸೋ ಫರ್‌ಮಾರ್ಕ್ ಸಾಫ್ಟ್‌ವೇರ್ ಅರ್ಧ ಗಂಟೆ ಓಡಿಸಿದ್ರೂ ಏನೂ ಆಗಲ್ಲ.

ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್, ಹಳೇ ಪಿಸಿಯಿಂದ ತೆಗೆದು ಹಾಕಿದ 750 ವ್ಯಾಟ್ ಗೋಲ್ಡ್ ಎಸ್‌ಎಂಪಿಎಸ್. ಕಾರ್ಡಿಗೆ ಮೂರು 8 ಪಿನ್ ಪವರ್ ಪ್ಲಗ್ ಇದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ತೋರಿಸುತ್ತೆ. ಅಂಗಡಿಯವರು ಕಾರ್ಡೇ ಹೋಗಿದೆ ಅಂತಾರೆ. ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು ಸರ್, ಏನು ಮಾಡ್ಲಿ?

ಉತ್ತರ

ಇನ್ನೂ ಯಾವುದಕ್ಕೂ ದುಡ್ಡು ಬಿಚ್ಚಬೇಡಿ. ಹಿಂದಿನ ಸ್ವಿಚ್ ಆಫ್ ಮಾಡಿ ಹಾಕಿದರೇನೇ ಬರೋದು ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಕರೆಂಟ್ ಮಿತಿ ಮೀರಿದಾಗ ಅಥವಾ 12 ವೋಲ್ಟ್ ಲೈನ್ ತೀರಾ ಕುಸಿದಾಗ ಎಸ್‌ಎಂಪಿಎಸ್ ಒಳಗಿನ ರಕ್ಷಣಾ ಸರ್ಕ್ಯೂಟ್ ಟ್ರಿಪ್ ಆಗಿ ಲಾಕ್ ಆಗುತ್ತೆ. ಗೋಡೆಯ ಕರೆಂಟ್ ತಪ್ಪಿಸುವವರೆಗೂ ಆ ಲಾಕ್ ಬಿಡೋದಿಲ್ಲ. ರ‍್ಯಾಮ್ ಅಥವಾ ಡ್ರೈವರ್ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಬ್ಲೂ ಸ್ಕ್ರೀನ್ ಬರುತ್ತೆ, ಇಲ್ಲವೇ ತಾನಾಗಿ ರೀಸ್ಟಾರ್ಟ್ ಆಗುತ್ತೆ. ಕಾರ್ಡಿನಲ್ಲಿ ಶಾರ್ಟ್ ಇದ್ದಿದ್ದರೆ ಬಹುಮಟ್ಟಿಗೆ ಬೂಟ್ ಆಗೋಕೂ ಬಿಡುತ್ತಿರಲಿಲ್ಲ. ಇನ್ನು ಆ 41 ಹೇಳೋದು ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನೋದಷ್ಟೇ. ಕಾರಣ ಅದಕ್ಕೂ ತಿಳಿದಿರೋದಿಲ್ಲ. ಅದನ್ನು ನೋಡಿ ಕಾರ್ಡ್ ಹೋಗಿದೆ ಅಂತ ಯಾರೂ ತೀರ್ಪು ಕೊಡೋಕಾಗಲ್ಲ.

ಫರ್‌ಮಾರ್ಕ್‌ನಲ್ಲಿ ಯಾಕೆ ಆಗಲ್ಲ ಅಂದ್ರೆ, ಅದು ಲಾರಿ ಒಂದೇ ಗೇರಿನಲ್ಲಿ ಘಾಟಿ ಹತ್ತಿದ ಹಾಗೆ. ಭಾರ ಜಾಸ್ತಿ, ಆದರೆ ಒಂದೇ ಸಮ. ಗೇಮ್ ಹಾಗಲ್ಲ. ಲೋಡಿಂಗ್ ಸ್ಕ್ರೀನಲ್ಲಿ ಸುಮ್ಮನೆ ಕೂತಿದ್ದ ಕಾರ್ಡ್ ಮರುಕ್ಷಣ ಪೂರ್ತಿ ಶಕ್ತಿಗೆ ಜಿಗಿಯುತ್ತೆ. ನಿಮ್ಮ ಲೆಕ್ಕವನ್ನೇ ನೋಡಿ: ಕಾರ್ಡ್ 350 ವ್ಯಾಟ್, ಪ್ರೊಸೆಸರ್ ಗೇಮಲ್ಲಿ 80ರ ಆಸುಪಾಸು, ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಸೇರಿ ಇನ್ನೊಂದು 60. ಒಟ್ಟು 500 ದಾಟೋದಿಲ್ಲ. 750 ಸಾಕೇ ಸಾಕು ಅನ್ನಿಸುತ್ತೆ. ಆದರೆ ಅದು ಸರಾಸರಿ. ಈ ಪೀಳಿಗೆಯ ದೊಡ್ಡ ಕಾರ್ಡುಗಳು ಮಿಲಿಸೆಕೆಂಡಿಗಿಂತಲೂ ಕಡಿಮೆ ಹೊತ್ತು ತಮ್ಮ ಲೆಕ್ಕದ ಒಂದೂವರೆ ಪಟ್ಟು ಎಳೆಯುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ, ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅಂತ ಸೇರಿಸಿದ್ದು ಇದಕ್ಕೇ. ನಿಮ್ಮದು ಅದಕ್ಕಿಂತ ಹಳೆಯದಿರಬೇಕು. ಗೋಲ್ಡ್ ಅನ್ನೋ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪೋಲಾಗುತ್ತೆ ಅನ್ನೋದರ ಅಳತೆ ಮಾತ್ರ.

ಈಗ ಖರ್ಚಿಲ್ಲದ ಪರೀಕ್ಷೆ. ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡಿನ ಪವರ್ ಹೊಂದಿಸೋ ಸಾಫ್ಟ್‌ವೇರ್) ಪವರ್ ಲಿಮಿಟ್ 80 ಪರ್ಸೆಂಟಿಗೆ ಇಳಿಸಿ, ಅಂದರೆ 280 ವ್ಯಾಟ್. ಗೇಮಲ್ಲಿ ಎಫ್‌ಪಿಎಸ್‌ಗೂ (ಸೆಕೆಂಡಿಗೆ ಬರೋ ಫ್ರೇಮ್‌ಗಳು) ಒಂದು ಮಿತಿ ಹಾಕಿ. ಮೂರು ದಿನ ಅದೇ ಗೇಮ್ ಆಡಿ. ಆಫ್ ಆಗೋದು ನಿಂತರೆ ತೊಂದರೆ ಕರೆಂಟ್ ಕೊಡೋ ಕಡೆ ಇದೆ ಅಂತ ಬಹುಮಟ್ಟಿಗೆ ಖಾತ್ರಿ. ಅಷ್ಟೂ ದಿನ ಇನ್ವರ್ಟರ್, ಯುಪಿಎಸ್, ಎಕ್ಸ್‌ಟೆನ್ಷನ್ ಬಾಕ್ಸ್ ಎಲ್ಲಾ ತಪ್ಪಿಸಿ, ಗೋಡೆಯ ಪ್ಲಗ್ಗಿಗೇ ನೇರ ಹಾಕಿ. ಮನೆಗಳಲ್ಲಿರೋ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. ನಿಮ್ಮ ಪಿಸಿಗೆ ಅದು ಎಲ್ಲಿಗೂ ಸಾಲೋದಿಲ್ಲ.

ಕಾರ್ಡಿಗೆ ಕೇಬಲ್ ಹೇಗೆ ಹೋಗಿದೆ ಅಂತ ಒಂದು ಫೋಟೋ ಹಾಕಿ.

ಪ್ರಶ್ನೆ ಕೇಳಿದವರು (ಐದು ದಿನದ ನಂತರ)

ಸರ್, 280ಕ್ಕೆ ಇಳಿಸಿದ ಮೇಲೆ ಒಂದು ಸಲಾನೂ ಆಫ್ ಆಗಿಲ್ಲ. ಫೋಟೋ ಹಾಕಿದೀನಿ. ಎರಡೇ ಕೇಬಲ್ ಇದೆ, ಅದರಲ್ಲಿ ಒಂದು ಕವಲೊಡೆದು ಎರಡು ಪ್ಲಗ್‌ಗೆ ಹೋಗಿದೆ. ಮೂರನೇ ಕೇಬಲ್ ಸಿಗ್ತಿಲ್ಲ. ಫ್ರೆಂಡ್ ಹತ್ರ ಬೇರೆ ಕಂಪನಿ ಎಸ್‌ಎಂಪಿಎಸ್ ಕೇಬಲ್ ಇದೆ, ಅದೂ 8 ಪಿನ್ನೇ. ಹಾಕ್ಲಾ?

ಉತ್ತರ

ಬೇಡ. ದಯವಿಟ್ಟು ಬೇಡ. ಕಾರ್ಡಿನ ಕಡೆಯ ತುದಿಗೆ ಸ್ಟ್ಯಾಂಡರ್ಡ್ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೊಂದು ಕಂಪನಿಯದು ಒಂದೊಂದು ಪಿನ್ ಜೋಡಣೆ, ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಸಲೀಸಾಗಿ ಕೂರುತ್ತೆ, ಆದರೆ ಗ್ರೌಂಡ್ ಇರಬೇಕಾದ ಕಡೆ 12 ವೋಲ್ಟ್ ಬರುತ್ತೆ. ಸಾಟಾ ಕೇಬಲ್‌ನಲ್ಲಿ ಹೀಗಾಗಿ 5 ವೋಲ್ಟಿನ ಜಾಗಕ್ಕೆ 12 ಹೋಗಿ ಸುಟ್ಟ ಹಾರ್ಡ್ ಡಿಸ್ಕುಗಳು ನನ್ನ ಟೇಬಲ್ ಮೇಲೆ ಬಂದಿವೆ. ಒಂದರಲ್ಲಿ ಆ ಮನೆಯವರ ಮಗಳ ಮದುವೆ ಫೋಟೋಗಳೆಲ್ಲಾ ಇದ್ದವು. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತೆ. ಮಾಡೆಲ್ ನಂಬರ್ ಕೊಟ್ಟು ಅದೇ ಕಂಪನಿಯ ಕೇಬಲ್ ತರಿಸಿ.

8 ಪಿನ್ ಪ್ಲಗ್ ಒಂದಕ್ಕೆ ಲೆಕ್ಕ 150 ವ್ಯಾಟ್. ಒಂದೇ ತಂತಿಗುಚ್ಛ ಎರಡು ಪ್ಲಗ್ ಹೊತ್ತರೆ ಭಾರ ಬಂದಾಗ ವೋಲ್ಟೇಜ್ ಕುಸಿಯೋದು ಜಾಸ್ತಿ. ಮೂರಕ್ಕೂ ಬೇರೆ ಬೇರೆ ಕೇಬಲ್ ಹಾಕಿ, ಲಿಮಿಟ್ ಮತ್ತೆ 100ಕ್ಕೆ ತಂದು ನೋಡಿ.

ಸದಸ್ಯರೊಬ್ಬರು (ಬೆಂಗಳೂರಿನಿಂದ)

ಸರ್, ನಂದು ಆರ್‌ಟಿಎಕ್ಸ್ 5090 ಕಾರ್ಡ್. 16 ಪಿನ್ ಪ್ಲಗ್ ಸುಡುತ್ತೆ ಅಂತ ಕೇಳಿ ಭಯ ಆಗಿದೆ.

ಉತ್ತರ

ನಿಮ್ಮ ಕಾರ್ಡಿನ 575 ವ್ಯಾಟ್ ಅಂದ್ರೆ 12 ವೋಲ್ಟಿನಲ್ಲಿ ಸುಮಾರು 48 ಆಂಪಿಯರ್. ಅದು ಆರು ಪಿನ್‌ಗಳಲ್ಲಿ ಹಂಚಿಹೋಗಬೇಕು, ತಲಾ 8. ಪಿನ್ನಿನ ಮಿತಿ 9.5, ಹಾಗಾಗಿ ಅಂತರ ಕಡಿಮೆ. ಎರಡು ಪಿನ್ ಸರಿಯಾಗಿ ತಾಗದಿದ್ದರೆ ಉಳಿದ ನಾಲ್ಕಕ್ಕೆ ತಲಾ 12 ಬೀಳುತ್ತೆ, ಬಿಸಿ ಶುರುವಾಗೋದು ಅಲ್ಲೇ. ಪ್ಲಗ್ ಅಂಚಿನಲ್ಲಿ ಕೂದಲೆಳೆ ಸಂದೂ ಕಾಣದ ಹಾಗೆ ಒತ್ತಿ. ಕ್ಯಾಬಿನೆಟ್ ಗಾಜು ಕೇಬಲ್ ಬುಡವನ್ನೇ ಬಗ್ಗಿಸೋ ಹಾಗಿದ್ದರೆ ಕ್ಯಾಬಿನೆಟ್ ಬದಲಿಸಿ ಅಂತಲೇ ಹೇಳ್ತೀನಿ.

ಸದಸ್ಯರೊಬ್ಬರು (ಹಾವೇರಿಯಿಂದ)

ಅಣ್ಣಾ, ನಮ್ಮನೇಲಿ ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಇದೂ ಎಸ್‌ಎಂಪಿಎಸ್ ತೊಂದರೆನಾ?

ಉತ್ತರ

ಹೆಚ್ಚಾಗಿ ಎಸ್‌ಎಂಪಿಎಸ್ ಅಲ್ಲ ತಮ್ಮಾ, ನಿಮ್ಮ ಮನೆ ಅರ್ಥಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟ್ ಬಾಡಿಗೆ ಬರುತ್ತಲೇ ಇರುತ್ತೆ, ಅರ್ಥ್ ವೈರ್ ಅದನ್ನು ಭೂಮಿಗೆ ಇಳಿಸಬೇಕು. ಅರ್ಥ್ ಇಲ್ಲದಿದ್ದರೆ ಬಾಡಿ ಮೇಲೆ ಸುಮಾರು 110 ವೋಲ್ಟ್ ತೇಲುತ್ತಾ ಇರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ, ಆ ಪ್ಲಗ್ಗಿನಲ್ಲೇ ಅಳೆಸಿ. ಫೇಸ್–ನ್ಯೂಟ್ರಲ್ 230 ಇದ್ದರೆ ಫೇಸ್–ಅರ್ಥ್ ಕೂಡ ಅದರ ಹತ್ತಿರವೇ ಇರಬೇಕು, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ದಾಟಬಾರದು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಹೀಗಾಗೋದು ನಮ್ಮ ಕಡೆ ಬಹಳ. ಮೂರು ಪಿನ್ನನ್ನು ಎರಡು ಪಿನ್ ಮಾಡೋ ಅಡಾಪ್ಟರ್ ಹಾಕಿದ್ದರೆ ಈಗಲೇ ಕಿತ್ತು ಬಿಸಾಡಿ. ಮನೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡ್ತಾರೆ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ)

ಸರ್, ಕಂಪನಿ ಕೇಬಲ್ ಬಂತು. ಮೂರೂ ಬೇರೆ ಬೇರೆ ಹಾಕಿದೆ. ದಿನಾ ಆಗ್ತಿದ್ದದ್ದು ಈಗ ವಾರಕ್ಕೆ ಒಂದೇ ಸಲ ಆಯ್ತು, ಅದೂ ಲಿಮಿಟ್ 100ರಲ್ಲಿ ಮಾತ್ರ. ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ಉಬ್ಬಿದೆಯಾ ಅಂತ ನೋಡ್ಲಾ?

ಉತ್ತರ

ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 400 ವೋಲ್ಟಿನ ಹತ್ತಿರ ಚಾರ್ಜ್ ಆಗಿರುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಸೀಲ್ ಒಡೆದರೆ ವಾರಂಟಿಯೂ ಹೋಗುತ್ತೆ. ಗೋಲ್ಡ್ ದರ್ಜೆಯ ಎಷ್ಟೋ ಎಸ್‌ಎಂಪಿಎಸ್‌ಗಳಿಗೆ 5ರಿಂದ 10 ವರ್ಷ ವಾರಂಟಿ ಇರುತ್ತೆ. ಹಳೇ ಬಿಲ್ ಹುಡುಕಿ.

ಅಲ್ಲಿಯವರೆಗೆ ಕಾರ್ಡ್ ಅಂಡರ್‌ವೋಲ್ಟ್ ಮಾಡಿ, ಅಂದರೆ ಕಡಿಮೆ ವೋಲ್ಟೇಜಿನಲ್ಲಿ ಓಡಿಸಿ. 0.85 ವೋಲ್ಟಿಗೆ 1800 ಮೆಗಾಹರ್ಟ್ಜ್ ಇಟ್ಟು ಶುರು ಮಾಡಿ, ಗೇಮ್ ಕ್ರ್ಯಾಶ್ ಆದರೆ 1750ಕ್ಕೆ ಇಳಿಸಿ. ಫ್ರೇಮ್ ಹೆಚ್ಚೇನೂ ಕಡಿಮೆ ಆಗೋದಿಲ್ಲ, ರೂಮಿನ ಸೆಕೆಯೂ ತಗ್ಗುತ್ತೆ.

ಪ್ರಶ್ನೆ ಕೇಳಿದವರು

ಬಿಲ್ ಸಿಕ್ತು ಸರ್, ಇನ್ನೂ ಎರಡು ವರ್ಷ ವಾರಂಟಿ ಇದೆ! ಸರ್ವಿಸ್ ಸೆಂಟರಿಗೆ ಕೊಟ್ಟು ಬಂದೆ. ಆ ಮಾಡೆಲ್ ಈಗ ಬರ್ತಿಲ್ಲ, ಬದಲಿಗೆ 850ರದ್ದು ಕೊಡ್ತೀವಿ ಅಂದ್ರು. ತುಂಬಾ ಥ್ಯಾಂಕ್ಸ್ ಸರ್.

ಉತ್ತರ

ಕೇಳಿ ತುಂಬಾ ಸಂತೋಷವಾಯ್ತು. ಮಾಡೆಲ್ ಬದಲಾಗಿರೋದರಿಂದ ಕ್ಯಾಬಿನೆಟ್ ಒಳಗಿರೋ ಹಳೇ ಕೇಬಲ್‌ಗಳನ್ನೆಲ್ಲಾ, ಮೊನ್ನೆ ತರಿಸಿದ್ದನ್ನೂ ಸೇರಿಸಿ, ಒಂದೂ ಬಿಡದೆ ಹೊರಗೆ ತೆಗೆಯಿರಿ. ಹೊಸ ಡಬ್ಬದಲ್ಲಿ ಬಂದದ್ದನ್ನು ಮಾತ್ರ ಹಾಕಿ.