ಅಪ್‌ಡೇಟ್: ಹಳೆ ಐಫೋನ್‌ನಲ್ಲಿ ಮೆನು ಅಂಟಿಕೊಳ್ಳುತ್ತಿದ್ದದ್ದು ಸರಿಹೋಯ್ತು

ವೆಬ್‌ಸೈಟ್‌ನ ಮೆನುವಿನ ಲಿಂಕ್‌ಗಳು ಐಫೋನ್ 6ರಲ್ಲಿ ಮಾತ್ರ ಒಂದಕ್ಕೊಂದು ಅಂಟಿಕೊಳ್ಳುತ್ತಿವೆ, ಉಳಿದ ಕಡೆ ಸರಿಯಾಗಿವೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಲಿಂಕ್‌ಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್ ಎಂಬ ಸಿಎಸ್‌ಎಸ್ (ಪುಟದ ವಿನ್ಯಾಸ ಬರೆಯುವ ಭಾಷೆ) ವಿಧಾನದ ಒಳಗೆ, ಅವುಗಳ ನಡುವೆ ಅಂತರ ಬಿಡುವ ಗ್ಯಾಪ್ ಆಪಲ್‌ನ ಬ್ರೌಸರ್ ಸಫಾರಿಗೆ ಬಂದದ್ದೇ 2021ರಲ್ಲಿ, 14.1ನೇ ಆವೃತ್ತಿಯಿಂದ. ಆ ಫೋನ್ ಐಒಎಸ್ 12ಕ್ಕೇ, ಅಂದರೆ ಸಫಾರಿ 12ಕ್ಕೇ ನಿಂತುಬಿಟ್ಟಿದೆ. ಅದರಲ್ಲಿ ಕ್ರೋಮ್ ಹಾಕಿ ನೋಡಿದರೂ ಅದೇ ಪಾಡು, ಯಾಕೆಂದರೆ ಅಲ್ಲಿ ಕ್ರೋಮ್ ಒಳಗೂ ಓಡುವುದು ಸಫಾರಿಯಲ್ಲಿ ಪುಟ ಬಿಡಿಸುವ ಎಂಜಿನ್, ಆಪಲ್‌ನ ವೆಬ್‌ಕಿಟ್ಟೇ.

'ಸಪೋರ್ಟ್ಸ್ ನಿಯಮ (ಒಂದು ಸೌಲಭ್ಯ ಗೊತ್ತೇ ಎಂದು ಬ್ರೌಸರನ್ನು ಕೇಳುವುದು) ಬರೆದು, ಗ್ಯಾಪ್ ಗೊತ್ತಿಲ್ಲದ ಬ್ರೌಸರಿಗೆ ಮಾರ್ಜಿನ್ (ಹೊರಗಿನ ಖಾಲಿ ಜಾಗ) ಕೊಡಿ' ಎಂದು ಕೆಲವರು ಹೇಳಿದ್ದಿರಿ. ಇಲ್ಲಿ ಅದು ನಡೆಯುವುದಿಲ್ಲ. ಗ್ರಿಡ್ ಎಂಬ ಇನ್ನೊಂದು ಜೋಡಣೆಯ ಗ್ಯಾಪ್ ಸಫಾರಿ 12ಕ್ಕೇ ಬಂದಿತ್ತು. ಹಾಗಾಗಿ ಬ್ರೌಸರ್ 'ಗೊತ್ತು' ಎಂದೇ ಉತ್ತರ ಕೊಡುತ್ತದೆ, ಫ್ಲೆಕ್ಸ್‌ಗೆ ಬಂದಾಗ ಸುಮ್ಮನೆ ಕಡೆಗಣಿಸುತ್ತದೆ. ಇಷ್ಟು ಬೇಗ ಸಿಗಬೇಕಾದ ತಪ್ಪು ಕಣ್ಣಿಗೆ ಬೀಳದೆ ಸತಾಯಿಸುವುದು ಇದರಿಂದಲೇ.

ಕೊನೆಗೆ 16 ಪಿಕ್ಸೆಲ್ ಗ್ಯಾಪ್ ತೆಗೆದು, ಪ್ರತಿ ಲಿಂಕ್‌ನ ಸುತ್ತ 8 ಪಿಕ್ಸೆಲ್ ಮಾರ್ಜಿನ್, ಅವುಗಳನ್ನು ಹಿಡಿದಿರುವ ಡಬ್ಬಿಗೆ (ಕಂಟೇನರ್) ಮೈನಸ್ 8 ಪಿಕ್ಸೆಲ್ ಮಾರ್ಜಿನ್ ಕೊಟ್ಟೆ. ಲಿಂಕ್‌ಗಳು ಎರಡನೇ ಸಾಲಿಗೆ ಇಳಿದರೂ ಅಂತರ ಸಮವಾಗಿದೆ. ಇದನ್ನೇ ಮಾಡುವವರು ಅದರ ಹೊರಗಿನ ಡಬ್ಬಿಗೆ ಕನಿಷ್ಠ 8 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮೊಬೈಲ್‌ನಲ್ಲಿ ಪುಟ ಅಡ್ಡಡ್ಡ ಜಾರುತ್ತದೆ.