ಸಂಜೆ ಮಗು ಅತ್ತರೆ ಸಾಕು, "ನಿನಗೆ ಹಾಲು ಸಾಲ್ತಿಲ್ಲ" ಅಂತಾರೆ

ತವರಲ್ಲಿರುವ ಬಾಣಂತಿ:
ಮಗುವಿಗೆ 7 ವಾರ. ಸಿಸೇರಿಯನ್ ಆಗಿದೆ, ಬಾಣಂತನಕ್ಕೆ ದಾವಣಗೆರೆಗೆ ಬಂದಿದ್ದೇನೆ. ಆಸ್ಪತ್ರೆಯಲ್ಲಿ ಮೊದಲ ದಿನ ನನ್ನನ್ನು ಒಂದು ಮಾತೂ ಕೇಳದೆ ಪುಡಿ ಹಾಲು ಕುಡಿಸಿಬಿಟ್ಟಿದ್ದರು, ಅದನ್ನು ಬಿಡಿಸಿ ಬರೀ ಎದೆಹಾಲಿಗೆ ತರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಈಗ ದಿನಾ ಸಂಜೆ 6ರಿಂದ 10ರ ತನಕ ಅಳು. ಕುಡಿಯುತ್ತದೆ, ಬಿಡುತ್ತದೆ, ಮತ್ತೆ ಅಳುತ್ತದೆ. ಅಮ್ಮ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡೋಣ ಅಂತಾರೆ. ಅತ್ತೆ ಫೋನಿನಲ್ಲಿ, "ಈ ಬಿಸಿಲಿಗೆ ಎರಡು ಒಳಲೆ ನೀರಾದರೂ ಹಾಕಮ್ಮ". ತಮಾಷೆ ಅಂದರೆ ನನಗೆ ಮಾತ್ರ ನೀರು ಕೊಡಲ್ಲ, ಬಾಣಂತಿ ಹೊಟ್ಟೆ ಬರುತ್ತದಂತೆ! ಹಾಲು ನಿಜವಾಗಿ ಸಾಲುತ್ತಿದೆಯೋ ಇಲ್ಲವೋ ತಿಳಿಯೋದು ಹೇಗೆ?

ಇಬ್ಬರ ಅಮ್ಮ:
ಒದ್ದೆ ಬಟ್ಟೆ ಎಣಿಸಿ. ದಿನಕ್ಕೆ 6 ಅಥವಾ ಜಾಸ್ತಿ ಇದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ. ಸಂಜೆ ಅಳು ಸುಮಾರು 6 ವಾರಕ್ಕೆ ತುಂಬಾ ಜೋರಾಗಿರುತ್ತದೆ, 3-4 ತಿಂಗಳಿಗೆ ತಾನಾಗೇ ಇಳಿಯುತ್ತದೆ. ನನ್ನ ಮೊದಲನೆಯವನಿಗೆ ಇದೇ ಅಳುವಿಗೆ ಹೆದರಿ ಬಾಟಲಿ ಕೊಟ್ಟೆ. ಬಾಟಲಿ ಕುಡಿದು ಮಲಗಿದ, ಎದೆ ಚೀಪೋದು ಕಡಿಮೆಯಾಯಿತು, ಚೀಪದಿದ್ದರೆ ಹಾಲು ಎಲ್ಲಿಂದ ಬರಬೇಕು? ತಿಂಗಳೊಳಗೆ ನಿಜವಾಗಿಯೂ ಸಾಲದಾಯಿತು. ಆಗ ಎಲ್ಲರೂ "ನೋಡು, ನಾವು ಹೇಳಿರಲಿಲ್ವಾ" ಅಂದರು.

ತಾಲೂಕು ಆಸ್ಪತ್ರೆ ನರ್ಸ್:
ಎದೆಹಾಲಿನಲ್ಲಿ ಸುಮಾರು ಶೇ 88 ನೀರೇ ಇರುತ್ತದೆ. ಎಂಥ ಬಿಸಿಲಿದ್ದರೂ 6 ತಿಂಗಳ ತನಕ ಬೇರೆ ನೀರು ಬೇಡ, ಬಾಯಾರಿದರೆ ಇನ್ನೊಂದು ಸಲ ಎದೆಗೆ ಹಾಕಿ. ಹಸುವಿನ ಹಾಲೂ ಬೇಡ, ಬಜೆ ತೇಯ್ದು ನೆಕ್ಕಿಸೋದೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವ ತನಕ ಮುಟ್ಟಿಸಬೇಡಿ. ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಡಿ ಹನಿ ಹಾಕಬಹುದು. ನೀವು ಮಾತ್ರ ಬಾಯಾರಿದಾಗೆಲ್ಲ ನೀರು ಕುಡಿಯಿರಿ, ಬಾಣಂತಿ ಹೊಟ್ಟೆಗೂ ನೀರಿಗೂ ಸಂಬಂಧ ಇಲ್ಲ.

ಆಸ್ಪತ್ರೆಯ ವಿಷಯದಲ್ಲಿ ನಮ್ಮವರದೂ ತಪ್ಪಿದೆ, ಒಪ್ಪುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ 88ಕ್ಕೂ ಹೆಚ್ಚು ಹೆರಿಗೆ ಆಗೋದು ಆಸ್ಪತ್ರೆಯಲ್ಲೇ, ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗೋದು ಶೇ 42ರಷ್ಟು ಮಕ್ಕಳಿಗೆ ಮಾತ್ರ. ಸಿಸೇರಿಯನ್ ಆದರೆ ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ. ಪಕ್ಕದಲ್ಲಿ ಕೂತು ಮಗುವನ್ನು ಎದೆಗೆ ಹಿಡಿಸಲು ಒಬ್ಬರು ಇದ್ದರೆ ಸಾಕು, ಆ ಒಬ್ಬರೇ ಇರಲ್ಲ. ಇನ್ನೊಂದು ಮಾತು, ತೂಕ ಏರದಿದ್ದರೆ ಹಟ ಮಾಡಬೇಡಿ, ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಬೆಂಗಳೂರು ಆಫೀಸಮ್ಮ:
ಮನೆಯವರನ್ನು ಒಪ್ಪಿಸಿದ ಮೇಲೆ ರಜೆ ಲೆಕ್ಕ ಬರುತ್ತದೆ. 2017ರಿಂದ ಕಾನೂನಿನಲ್ಲಿ 26 ವಾರ ರಜೆ ಇದೆ, ಕೇಳೋಕೆ ಸರಿಯಾಗಿ 6 ತಿಂಗಳು. ಆದರೆ ನನಗೆ ಹೆರಿಗೆಗೆ ಮೊದಲೇ 8 ವಾರ ಹೋಯಿತು, ಉಳಿದದ್ದು 18. ಆಮೇಲೆ ಆಫೀಸಿನ ಟಾಯ್ಲೆಟ್‌ನಲ್ಲಿ ನಿಂತು ಹಾಲು ಹಿಂಡಿದ್ದೇನೆ. ನಮ್ಮ ಮನೆ ಎದುರಿನವಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಅವಳಿಗೆ ಹಿಂಡೋಕೆ ಹತ್ತು ನಿಮಿಷವೂ ಸಿಗಲ್ಲ, 3ನೇ ತಿಂಗಳಿಗೇ ಪುಡಿ ಹಾಲು. ಅವಳಿಗೆ ಎದೆಹಾಲಿನ ಮಹತ್ವ ಅಂತ ಪಾಠ ಮಾಡಿ ಏನು ಪ್ರಯೋಜನ?

ಮೊಮ್ಮಗಳ ಅಜ್ಜಿ:
ನಿಮ್ಮಮ್ಮನ ಜೊತೆ ಜಗಳ ಬೇಡ ಮಗಳೇ. ನಾವೂ ನೀರು ಹಾಕಿಯೇ ಬೆಳೆಸಿದ್ದು, ಈಗ ತಪ್ಪು ಅಂದರೆ ಮನಸ್ಸಿಗೆ ಚುಚ್ಚುತ್ತದೆ. ಸಂಜೆ ಅಳುವಾಗ ಮಗುವನ್ನು ಅವರ ಹೆಗಲಿಗೆ ಕೊಡು. ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿಸಿಕೊಂಡು ತಿನ್ನು, ಅವರಿಗೂ ಏನೋ ಮಾಡಿದೆ ಅಂತ ಸಮಾಧಾನ.

ತವರಲ್ಲಿರುವ ಬಾಣಂತಿ:
ಇವತ್ತು ಅಮ್ಮನನ್ನೇ ಕರೆದುಕೊಂಡು ಹೋಗಿ ತೂಕ ಮಾಡಿಸಿದೆ. ಹುಟ್ಟಿದಾಗ 2.9 ಕೆಜಿ, ಈಗ 4.3. ದಾರಿಯುದ್ದಕ್ಕೂ ಅಮ್ಮ ಮಾತಾಡಲಿಲ್ಲ, ಮನೆಗೆ ಬಂದು ಒಂದು ಚೊಂಬು ನೀರು ತಂದಿಟ್ಟರು. ಅತ್ತೆಗೆ ಇನ್ನೂ ಹೇಳಿಲ್ಲ.